ಯಾರ ಹೆಸರಿನಲ್ಲಿ

ಅರಬ್ಬಿಯಲ್ಲಿ ‘ರಾಸ್’ ಎಂದರೆ ತಲೆ. ‘ಖೋರ್’ ಎಂದರೆ ಕಡಲು ನೆಲದೊಳಕ್ಕೆ ಚಾಚಿಕೊಂಡ ನೀರಿನ ತೋಳು. ದುಬೈ ಊರು ಬೆಳೆದದ್ದೇ ಈ ಖೋರಿನ ಎರಡು ದಂಡೆಗಳ ಮೇಲೆ. ಆ ನೀರು ಊರನ್ನೆಲ್ಲ ದಾಟಿ, ಉಪ್ಪುನೆಲದಲ್ಲಿ ಹರಡಿ ನಿಂತ ಕೊನೆಗೆ ರಾಸ್ ಅಲ್ ಖೋರ್ ಎಂದು ಹೆಸರು. ನಾವಾದರೆ ಬಾಲ ಎನ್ನುತ್ತಿದ್ದ ಜಾಗವನ್ನು ಅವರು ತಲೆ ಎಂದಿದ್ದಾರೆ. ವಯಸ್ಸಾದವರ ಕಿವಿಗೆ ಹಿತವಾದ ಹೆಸರು. 2016ರಲ್ಲಿ ಕಾಲುವೆ ತೋಡಿ ಈ ನೀರನ್ನು ಇನ್ನೊಂದು ದಿಕ್ಕಿನಿಂದ ಮತ್ತೆ ಕಡಲಿಗೆ ಸೇರಿಸಿದ್ದಾರಂತೆ. ಹಾಗಾಗಿ ಈಗ ಅದು ಕೊನೆಯೂ ಅಲ್ಲ.

ಹೋದ ಚಳಿಗಾಲದಲ್ಲಿ ಮಗಳ ಮನೆಗೆಂದು ಅಲ್ಲಿಗೆ ಹೋಗಿದ್ದೆ. ಅವಳ ವಾಸ ಇಂಟರ್‌ನ್ಯಾಷನಲ್ ಸಿಟಿಯಲ್ಲಿ. ಖೋರಿನ ತಲೆಗೆ ಅಲ್ಲಿಂದ ಹೆಚ್ಚು ದೂರವಿಲ್ಲ. ಮಗಳೂ ಅಳಿಯನೂ ಬೆಳಿಗ್ಗೆ ಏಳಕ್ಕೆ ಕೆಲಸಕ್ಕೆ ಹೊರಟರೆ ಮನೆಯಲ್ಲಿ ಉಳಿಯುವವನು ನಾನೊಬ್ಬ. ನನ್ನ ಹೆಂಡತಿ ಆ ಸಲ ಬಂದಿರಲಿಲ್ಲ, ಅವಳ ಅಕ್ಕನ ಮನೆಯಲ್ಲಿ ಮದುವೆ. ಹೀಗಾಗಿ ಪಕ್ಕದ ಮನೆಯ ದಂಪತಿಯೇ ನನಗೆ ಗತಿಯಾದರು. ಮಂಗಳೂರಿನ ಕಡೆಯವರು. ಆಕೆ ಭಾರತೀಯ ಮಕ್ಕಳ ಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಇಡೀ ಕಟ್ಟಡಕ್ಕೆ ಆಕೆ ‘ಟೀಚರ್’; ಗಂಡನೂ ಹಾಗೆಯೇ ಕರೆಯುತ್ತಾರೆ. ಆಕೆ ಮಾತ್ರ ಗಂಡನನ್ನು ‘ನಮ್ಮ ಯಜಮಾನರು’ ಎನ್ನುತ್ತಾರೆ. ಹೆಸರು ಬರೆಯಬೇಡಿ ಎಂದು ಇಬ್ಬರೂ ತಾಕೀತು ಮಾಡಿರುವುದರಿಂದ ನಾನೂ ಇಲ್ಲಿ ಟೀಚರ್, ಯಜಮಾನರು ಎಂದೇ ಬರೆಯುತ್ತೇನೆ.

ಅವರು ವಾರಕ್ಕೊಮ್ಮೆ ನನ್ನನ್ನು ರಾಸ್ ಅಲ್ ಖೋರಿನ ಪಕ್ಷಿಧಾಮಕ್ಕೆ ಕರೆದೊಯ್ಯುತ್ತಿದ್ದರು. ಅದರ ವಿಸ್ತಾರ ಆರು ಚದರ ಕಿಲೋಮೀಟರಿಗೆ ತುಸು ಹೆಚ್ಚು. 1985ರಿಂದ ಕಾಪಾಡಿಕೊಂಡು ಬಂದ ಜೌಗು ನೆಲ. 2007ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ಒಳಗೆ ಹೋಗಲು ದುಡ್ಡು ಕೊಡಬೇಕಾಗಿಲ್ಲ. ಮರದ ಮರೆಯಲ್ಲಿ ಕುಳಿತು ದುರ್ಬೀನಿನಲ್ಲಿ ನೋಡಿದರೆ ಎದುರಿಗೆ ನೂರಾರು ರಾಜಹಂಸಗಳು, ತಲೆ ತಗ್ಗಿಸಿ ಕೆಸರನ್ನು ಸೋಸುತ್ತಾ ನಿಂತಿರುತ್ತವೆ. ಸುತ್ತ ಕಾಂಡ್ಲಾ ಗಿಡಗಳು. ಕುಂದಾಪುರದ ಹಿನ್ನೀರು ನೋಡಿದವರಿಗೆ ಆ ಹಸಿರು ಹೊಸದಲ್ಲ. ದೂರದಲ್ಲಿ ಬುರ್ಜ್ ಖಲೀಫಾ ಸೂಜಿಯ ಹಾಗೆ ಕಾಣುತ್ತದೆ. ಹೆದ್ದಾರಿ ದಾಟಿದರೆ ಇದೇ ಹೆಸರಿನ ಕೈಗಾರಿಕಾ ಪ್ರದೇಶ: ಗ್ಯಾರೇಜು, ಗೋದಾಮು, ಹಳೇ ಕಾರುಗಳ ಸಂತೆ, ಇಡೀ ಊರಿಗೆ ತರಕಾರಿ ಹಂಚುವ ದೊಡ್ಡ ಮಾರುಕಟ್ಟೆ.

ಹಕ್ಕಿಗಳಿಗೆ ವೀಸಾ ಬೇಡ ಎಂಬ ಮಾತು ಅಲ್ಲಿಗೆ ಬಂದವರೆಲ್ಲರ ಬಾಯಲ್ಲೂ ಬರುತ್ತದೆ. ನನ್ನ ಬಾಯಲ್ಲೂ ಬಂತು. ಟೀಚರ್ ದುರ್ಬೀನನ್ನು ನನ್ನ ಕೈಗಿಟ್ಟು, “ಆ ಬದಿಯಲ್ಲಿ ಒಂದು ಬೇರೆಯೇ ನಿಂತಿದೆ ನೋಡಿ. ಕಾಲಲ್ಲಿ ಎಂತ ಉಂಟು?” ಎಂದರು. ನೋಡಿದೆ. ಕಾಲಿಗೊಂದು ಬಳೆ. ಇರಾನಿನ ಸರೋವರಗಳಲ್ಲಿ ಮರಿಗಳಿಗೆ ತೊಡಿಸುವ ಗುರುತಿನ ಬಳೆ ಹೊತ್ತ ಹಕ್ಕಿಗಳು ಈ ಕಡೆ ಕಾಣುವುದುಂಟಂತೆ. “ಅದಕ್ಕೂ ಐಡಿ ಉಂಟು ಮಾರಾಯ್ರೆ” ಎಂದು ಯಜಮಾನರು ನಕ್ಕರು. ನಕ್ಕವರು ತಕ್ಷಣ ಗಂಭೀರವಾದರು. ಅವರ ವೀಸಾ ಮುಗಿಯಲು ಆಗ ಏಳು ತಿಂಗಳು ಉಳಿದಿತ್ತು.

ಕೊಲ್ಲಿಯಲ್ಲಿ ದುಡಿದವರ ಮನೆಯ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ನಾಲ್ಕು ಮಾತು. ಅಲ್ಲಿ ವಾಸಕ್ಕೆ ಕೆಲಸವೇ ಆಧಾರ. ಮೂವತ್ತು ವರ್ಷ ಇದ್ದರೂ ಸರಿ, ಕೆಲಸ ಬಿಟ್ಟರೆ ವೀಸಾ ರದ್ದಾಗುತ್ತದೆ. ಹೊರಗಿನಿಂದ ಬಂದವರಿಗೆ ಅಲ್ಲಿ ಸರ್ಕಾರದ ಪಿಂಚಣಿ ಇಲ್ಲ. ಸಿಗುವುದು ಗ್ರಾಚ್ಯುಯಿಟಿ: ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ಮೂಲವೇತನ, ಆಮೇಲಿನ ವರ್ಷಗಳಿಗೆ 30 ದಿನದ್ದು, ಒಟ್ಟು ಎರಡು ವರ್ಷದ ಸಂಬಳವನ್ನು ಮೀರುವಂತಿಲ್ಲ. ಅದನ್ನು ಹಿಡಿದುಕೊಂಡು ಹೆಚ್ಚಿನವರು ಊರಿಗೆ ಮರಳುತ್ತಾರೆ. ರಾಸ್ ಅಲ್ ಖೋರಿನ ಗ್ಯಾರೇಜುಗಳಲ್ಲಿ ಕೈ ಕಪ್ಪು ಮಾಡಿಕೊಳ್ಳುವ ಹುಡುಗರ ಕನಸೂ ಊರಿನ ಮನೆಯೇ, ಅಲ್ಲಿನ ಮುಪ್ಪಲ್ಲ.

ಆದರೆ ಕೆಲವರಿಗೆ ಮರಳುವ ಊರೇ ಸಡಿಲವಾಗಿರುತ್ತದೆ. ಮಗ ದುಬೈಯಲ್ಲಿ, ಮೊಮ್ಮಕ್ಕಳ ಶಾಲೆ ದುಬೈಯಲ್ಲಿ, ಭಾನುವಾರದ ಭಜನೆಯ ಗೆಳೆಯರು ದುಬೈಯಲ್ಲಿ, ಅಭ್ಯಾಸವಾದ ಡಾಕ್ಟರೂ ಅಲ್ಲೇ. ಅಂಥವರಿಗಾಗಿ ದುಬೈ 2020ರ ಸೆಪ್ಟೆಂಬರಿನಲ್ಲಿ ನಿವೃತ್ತರ ವೀಸಾ ಯೋಜನೆಯನ್ನು ಪ್ರಕಟಿಸಿತು. ಐವತ್ತೈದು ದಾಟಿರಬೇಕು. ವೀಸಾದ ಅವಧಿ ಐದು ವರ್ಷ, ಆಮೇಲೆ ನವೀಕರಣ. ಅದಕ್ಕೆ ಇಷ್ಟು ಬೆಲೆಯ ಆಸ್ತಿ ಇರಬೇಕು, ಇಲ್ಲವೇ ಹತ್ತು ಲಕ್ಷ ದಿರ್ಹಮ್ ಉಳಿತಾಯ ಇರಬೇಕು, ಎರಡೂ ಇಲ್ಲದವರು ತಿಂಗಳ ಆದಾಯ ತೋರಿಸಬೇಕು. ಮೊದಲು ಪ್ರಕಟವಾದಾಗ ಆ ಆದಾಯ ತಿಂಗಳಿಗೆ 20,000 ದಿರ್ಹಮ್ ಎಂದಿತ್ತು. ದುಬೈಯ ಮಟ್ಟಿಗೆ ಅದು 15,000ಕ್ಕೆ ಇಳಿಯಿತು. ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಬೇಕು. ಆರಂಭದಲ್ಲಿ ವೀಸಾ ಪಡೆದವರ ಐದು ವರ್ಷ ನಾನು ಹೋದಾಗ ಒಬ್ಬೊಬ್ಬರದಾಗಿ ಮುಗಿಯುತ್ತಾ ಬಂದಿತ್ತು. ನಮ್ಮ ಯಜಮಾನರು ಆ ಸಾಲಿನಲ್ಲಿದ್ದರು.

ಇಲ್ಲೊಂದು ಸಣ್ಣ ಲೆಕ್ಕವಿದೆ, ಗಮನಿಸಿ. ದಿರ್ಹಮನ್ನು ಡಾಲರಿಗೆ ಕಟ್ಟಿಹಾಕಿದ್ದಾರೆ, ಒಂದು ಡಾಲರಿಗೆ 3.6725. ಅದು ಅಲ್ಲಾಡುವುದಿಲ್ಲ, ಅಲ್ಲಾಡುವುದು ನಮ್ಮ ರೂಪಾಯಿ. 2020ರಲ್ಲಿ ದಿರ್ಹಮಿಗೆ ಸುಮಾರು ಇಪ್ಪತ್ತು ರೂಪಾಯಿ ಇತ್ತು. ಹದಿನೈದು ಸಾವಿರ ದಿರ್ಹಮ್ ಎಂದರೆ ಮೂರು ಲಕ್ಷ ರೂಪಾಯಿ. ನಾನು ಹೋದಾಗ ಅದು ಇಪ್ಪತ್ತನಾಲ್ಕರ ಆಸುಪಾಸಿನಲ್ಲಿತ್ತು. ಅದೇ ಹದಿನೈದು ಸಾವಿರಕ್ಕೆ ಆಗ ಮೂರು ಲಕ್ಷದ ಅರವತ್ತು ಸಾವಿರ ಬೇಕಿತ್ತು. ಊರಿನ ಬಾಡಿಗೆ, ಊರಿನ ಬಡ್ಡಿ ನಂಬಿಕೊಂಡವರ ಆದಾಯ ಒಂದು ಪೈಸೆಯೂ ಕಡಿಮೆಯಾಗದೆ ಕಡಿಮೆಯಾಗಿತ್ತು. ಮೂರು ಲಕ್ಷ ಎಂದಾಗ ನಿಮ್ಮಲ್ಲಿ ಹಲವರು ಹುಬ್ಬೇರಿಸುತ್ತೀರಿ, ನಾನೂ ಏರಿಸಿದೆ. ಆದರೆ ಹಗ್ಗ ಎಷ್ಟು ಉದ್ದವಿದ್ದರೂ ಬಾವಿಯ ನೀರಿಗೆ ಎರಡು ಮೊಳ ಸಾಲದೆ ಹೋದರೆ ಅದು ಗಿಡ್ಡ ಹಗ್ಗವೇ.

ನನ್ನ ವಿಷಯವನ್ನೂ ಹೇಳಬೇಕು. ನಾನು ಮೂವತ್ತಮೂರು ವರ್ಷ ಬ್ಯಾಂಕಿನ ಕೌಂಟರಿನ ಒಳಗಡೆ ಕುಳಿತವನು. ಪ್ರತಿ ನವೆಂಬರಿನಲ್ಲಿ ಪಿಂಚಣಿದಾರರು ‘ಬದುಕಿದ್ದೇನೆ’ ಎಂದು ಬರೆದುಕೊಡಲು ಬರುತ್ತಿದ್ದರು. ಕೋಲೂರಿಕೊಂಡು ಬಂದ ಹಿರಿಯರೊಬ್ಬರು ಒಮ್ಮೆ, “ಎದುರಿಗೇ ನಿಂತಿದ್ದೇನಲ್ಲ, ಇನ್ನೂ ಕಾಗದ ಬೇಕಾ?” ಎಂದಿದ್ದರು. ಬೇಕಿತ್ತು. 2014ರಲ್ಲಿ ‘ಜೀವನ ಪ್ರಮಾಣ್’ ಬಂದು, ಈಗ ಮೊಬೈಲಿಗೆ ಮುಖ ತೋರಿಸಿದರೂ ಸಾಕಾಗುತ್ತದೆ. ಕೋಲೂರಿಕೊಂಡು ಮೆಟ್ಟಿಲು ಹತ್ತುವುದು ತಪ್ಪಿದೆ. ಋಜುವಾತು ಕೇಳುವುದೇ ಅವಮಾನ ಎಂದು ಹಲವರು ತಿಳಿಯುತ್ತಾರೆ. ಒಳಗಡೆ ಕುಳಿತವನಿಗೆ ಗೊತ್ತು, ಅದು ಅನುಮಾನವಲ್ಲ. ಎದುರಿಗಿರುವವರ ಮಾತನ್ನು, ಅವರನ್ನು ಕಾಣದ ಮೂರನೆಯವರಿಗೆ ದಾಟಿಸುವ ಒಂದು ವಿಧಾನ, ಅಷ್ಟೇ.

ದುಡಿಯುವ ತನಕ ಕೊಲ್ಲಿಯಲ್ಲಿ ಈ ದಾಟಿಸುವ ಕೆಲಸವನ್ನು ಒಂದೇ ಹಾಳೆ ಮಾಡುತ್ತದೆ, ಕಂಪನಿ ಕೊಡುವ ಸ್ಯಾಲರಿ ಸರ್ಟಿಫಿಕೇಟ್. ಮನೆ ಬಾಡಿಗೆಗೆ ಹಿಡಿಯಲು, ಹೆಂಡತಿ ಮಕ್ಕಳನ್ನು ಕರೆಸಲು, ಕಾರಿನ ಸಾಲಕ್ಕೆ, ಎಲ್ಲದಕ್ಕೂ ಅದೇ. ಅಲ್ಲಿ ಸಂಬಳಕ್ಕೆ ಆದಾಯ ತೆರಿಗೆ ಇಲ್ಲದ್ದರಿಂದ ವರ್ಷಕ್ಕೊಮ್ಮೆ ನಮ್ಮ ಹಾಗೆ ರಿಟರ್ನ್ಸ್ ತುಂಬಿಸುವ ಅಭ್ಯಾಸವೂ ಬೆಳೆಯುವುದಿಲ್ಲ. ನಿವೃತ್ತಿಯ ಮರುದಿನ ಆ ಹಾಳೆ ಹೋಗುತ್ತದೆ. ಇಷ್ಟು ವರ್ಷ ಬೇರೊಬ್ಬರ ಮೊಹರಿನ ನೆರಳಿನಲ್ಲಿದ್ದ ಮನುಷ್ಯ ತನ್ನ ಬದುಕಿನ ಲೆಕ್ಕವನ್ನು ತಾನೇ ಒಪ್ಪಿಸಬೇಕಾಗುತ್ತದೆ. ಯಜಮಾನರು ಮೂವತ್ತನಾಲ್ಕು ವರ್ಷ ಅದೇ ಹೆದ್ದಾರಿಯ ಆಚೆ ವಾಹನಗಳ ಬಿಡಿಭಾಗದ ಗೋದಾಮಿನಲ್ಲಿ ದುಡಿದವರು. ಯಾವ ಬೋಲ್ಟು ಯಾವ ಕಪಾಟಿನಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದರಂತೆ. ಸ್ವಂತ ಮನೆಯ ಕಾಗದ ಮಾತ್ರ ಮೂರು ಪ್ಲಾಸ್ಟಿಕ್ ಚೀಲಗಳಲ್ಲಿ ಇತ್ತು.

ಆ ಚೀಲಗಳನ್ನು ಒಂದು ಮಧ್ಯಾಹ್ನ ನಾನೂ ಅವರೂ ನೆಲದ ಮೇಲೆ ಹರಡಿ ಕುಳಿತೆವು. ಮಂಗಳೂರಿನ ಫ್ಲ್ಯಾಟಿನ ಬಾಡಿಗೆ ಬರೆದೆವು. ಅಂಗಡಿ ಕಟ್ಟಡದ ಬಾಡಿಗೆ ಬರೆದೆವು. ಠೇವಣಿಯ ಬಡ್ಡಿ ಬರೆದೆವು. ಟೀಚರ್ ಎರಡು ಸಲ ಚಹಾ ತಂದಿಟ್ಟು, ಒಂದು ಸಲ “ನನ್ನದೊಂದು ಫೈಲು ಉಂಟು, ಬೇಕಾ?” ಎಂದು ಕೇಳಿದರು. ಬೇಡ, ಇಷ್ಟು ಸಾಕು ಎಂದವನು ನಾನೇ. ಕೂಡಿಸಿದಾಗ ತಿಂಗಳಿಗೆ ಸುಮಾರು ಹದಿಮೂರೂವರೆ ಸಾವಿರ ದಿರ್ಹಮ್ ಆಯಿತು. ಮತ್ತೆ ಕೂಡಿಸಿದೆವು. ಅಷ್ಟೇ.

ಸಂಜೆ ವಾಕಿಂಗಿನಲ್ಲಿ ಜೊತೆಗೆ ಬರುವ ಗೆಳೆಯರೊಬ್ಬರು ಉಪಾಯ ಹೇಳಿದರು. ಒಳ್ಳೆಯ ಮನುಷ್ಯ, ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. “ನಾನು ತಿಂಗಳು ತಿಂಗಳು ಎರಡು ಸಾವಿರ ನಿಮ್ಮ ಖಾತೆಗೆ ಹಾಕುತ್ತೇನೆ. ಮರುವಾರ ನಗದಾಗಿ ವಾಪಸ್ ಕೊಟ್ಟುಬಿಡಿ. ಆರು ತಿಂಗಳು ತಾನೇ? ಯಾರಿಗೆ ಏನು ನಷ್ಟ?” ಯಜಮಾನರು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಆ ರಾತ್ರಿ ಅವರ ಮನೆಯ ದೀಪ ಬಹಳ ಹೊತ್ತು ಉರಿಯುತ್ತಿತ್ತು. ಯಾರಿಗೂ ನಷ್ಟವಿಲ್ಲದ ಸುಳ್ಳು ಎಂಬುದೊಂದು ಇದೆಯೇ ಎಂದು ನಾನೂ ಯೋಚಿಸಿದೆ. ಬ್ಯಾಂಕಿನವನ ಉತ್ತರ ಒಣ ಉತ್ತರ: ಸ್ಟೇಟ್‌ಮೆಂಟಿನಲ್ಲಿ ಬಂದ ಹಣವೂ ಕಾಣುತ್ತದೆ, ಹೋದ ಹಣವೂ ಕಾಣುತ್ತದೆ. ಪ್ರತಿ ತಿಂಗಳೂ ಬಂದಷ್ಟನ್ನೇ ತೆಗೆದ ಖಾತೆಯನ್ನು ನೋಡಿದ ಕೂಡಲೇ ಗುಮಾಸ್ತನ ಬೆರಳು ಅಲ್ಲಿ ನಿಲ್ಲುತ್ತದೆ. ನನ್ನದು ಎಷ್ಟೋ ಸಲ ನಿಂತಿದೆ. ಹಳೆಯವರು ಅರ್ಥಶೌಚ ಎಂದು ಒಂದು ಮಾತು ಬಳಸುತ್ತಿದ್ದರು, ಹಣದ ವಿಷಯದಲ್ಲಿ ಮಡಿ. ಅದರಲ್ಲಿ ಪುಣ್ಯ ಎಷ್ಟಿದೆಯೋ, ನಿದ್ದೆಯಂತೂ ಇದೆ. ಅರವತ್ತೊಂಬತ್ತರಲ್ಲಿ ಆರು ತಿಂಗಳು ಸುಳ್ಳಿನ ಕಂತು ಕಟ್ಟುವ ಶ್ರಮ ಯಾರಿಗೆ ಬೇಕು?

ಮರುದಿನ ಬೆಳಿಗ್ಗೆ ಯಜಮಾನರೇ ಬಾಗಿಲು ತಟ್ಟಿದರು. “ಅದೆಲ್ಲ ಬೇಡ ಮಾರಾಯ್ರೆ. ಟೈಪಿಂಗ್ ಸೆಂಟರಿನಲ್ಲಿ ಕೇಳಿ ನೋಡುವ. ಆಗದಿದ್ದರೆ ಊರು ಉಂಟಲ್ಲ.”

ಕೊಲ್ಲಿಯ ಟೈಪಿಂಗ್ ಸೆಂಟರನ್ನು ನಮ್ಮ ತಾಲೂಕು ಕಚೇರಿಯ ಎದುರಿನ ಅರ್ಜಿ ಬರೆಯುವವರ ಮೇಜಿಗೆ ಹೋಲಿಸಬಹುದು, ಅಲ್ಲಿ ಹವಾನಿಯಂತ್ರಣ ಇದೆ ಎಂಬುದೊಂದೇ ವ್ಯತ್ಯಾಸ. ಸರ್ಕಾರದ ಅರ್ಜಿಗಳೆಲ್ಲ ಅರಬ್ಬಿಯಲ್ಲಿದ್ದ ಕಾಲದಿಂದ ಬಂದ ಅಂಗಡಿಗಳು. ಯಜಮಾನರು ಕೆಲಸದಲ್ಲಿದ್ದಾಗಿನಿಂದ ಹೋಗುತ್ತಿದ್ದ ಅಂಗಡಿ ಕೈಗಾರಿಕಾ ಪ್ರದೇಶದ ಒಂದು ಮೂಲೆಯಲ್ಲಿತ್ತು. ಒಂದು ಕಡೆ ಟಯರ್ ಅಂಗಡಿ, ಇನ್ನೊಂದು ಕಡೆ ಪರೋಟದ ಹೋಟೆಲು. ಕುಳಿತಿದ್ದ ಹುಡುಗ ಮಂಜೇಶ್ವರದವನು. ಕನ್ನಡ ಮಾಧ್ಯಮದಲ್ಲಿ ಹತ್ತನೆಯವರೆಗೆ ಓದಿದವನು. ಒಬ್ಬರೊಡನೆ ಮಲಯಾಳ, ಇನ್ನೊಬ್ಬರೊಡನೆ ಹಿಂದಿ, ಫೋನಿನಲ್ಲಿ ಅರಬ್ಬಿ, ನಮ್ಮೊಡನೆ ಮೊದಲು ತುಳು, ನನ್ನ ಮುಖ ನೋಡಿ ಕನ್ನಡ. ಕಾಸರಗೋಡಿನ ಗಡಿಯವರ ಈ ನಾಲಗೆಯನ್ನು ನಾವು ಕರ್ನಾಟಕದೊಳಗಿನವರು ಸಾಕಷ್ಟು ಮೆಚ್ಚಿಲ್ಲ ಎಂದು ನನಗೆ ಯಾವಾಗಲೂ ಅನಿಸುತ್ತದೆ. ಅದಿರಲಿ.

ಹುಡುಗ ಕಾಗದಗಳನ್ನು ಒಂದೊಂದಾಗಿ ಸರಿಸಿದ. ಅಂಗಡಿ ಕಟ್ಟಡದ ಬಾಡಿಗೆ ಕರಾರಿನ ಬಳಿ ಅವನ ಬೆರಳು ನಿಂತಿತು. “ಅಂಕಲ್, ಬಾಡಿಗೆ ನಿಮ್ಮ ಖಾತೆಗೆ ಬರ್ತದೆ. ಕರಾರಿನಲ್ಲಿ ಓನರ್ ಹೆಸರು ಬೇರೆ ಉಂಟಲ್ಲ?”

“ಅದು ಟೀಚರದ್ದು.”

“ಮತ್ತೆ ಅದು ನಿಮ್ಮ ಇನ್‌ಕಮ್ ಹೇಗೆ ಆಗ್ತದೆ?”

ಯಜಮಾನರು ನನ್ನ ಮುಖ ನೋಡಿದರು. ನಾನು ಟಯರ್ ಅಂಗಡಿಯ ಕಡೆ ನೋಡಿದೆ.

ಆ ಜಾಗ ಟೀಚರಿಗೆ ಅವರ ತಾಯಿಯಿಂದ ಬಂದದ್ದು. ಅವರದು ಅಳಿಯಸಂತಾನ ಕಟ್ಟಿನ ಮನೆತನ. ನಮ್ಮ ಕರಾವಳಿಯ ಹಲವು ಸಮುದಾಯಗಳಲ್ಲಿ ಆಸ್ತಿ ಹೆಣ್ಣಿನ ದಾರಿಯಲ್ಲೇ ಇಳಿಯುತ್ತಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಆ ಕಟ್ಟನ್ನು ಬಹುಪಾಲು ಸಡಿಲಿಸಿತಾದರೂ ತಾಯಿಯ ಮನೆಯ ಪಾಲು ಮಗಳಿಗೆ ಎಂಬ ಮನಸ್ಸು ಉಳಿದಿತ್ತು. ಹೆದ್ದಾರಿ ಅಗಲವಾದ ಮೇಲೆ ಆ ಜಾಗಕ್ಕೆ ಬೆಲೆ ಬಂತು. ಕಟ್ಟಡಕ್ಕೆ ಅರ್ಧ ದುಡ್ಡು ಸಾಲ, ಇನ್ನರ್ಧ ಟೀಚರ ಗ್ರಾಚ್ಯುಯಿಟಿ. ಬಾಡಿಗೆ ಯಜಮಾನರ ಖಾತೆಗೆ ಬರಲಿ ಎಂದು ಯಾರೂ ನಿರ್ಧಾರ ಮಾಡಿರಲಿಲ್ಲ. ಬಾಡಿಗೆದಾರ ಖಾತೆ ನಂಬರು ಕೇಳಿದ ದಿನ ಫೋನು ತೆಗೆದವರು ಅವರಾಗಿದ್ದರು, ಹಾಗೇ ನಡೆದುಕೊಂಡು ಹೋಯಿತು.

“ಟೀಚರ್ ಹೆಸರಲ್ಲಿ ಬೇರೆ ಎಂತ ಉಂಟು?” ಎಂದು ಹುಡುಗ ಕೇಳಿದ. ಯಜಮಾನರಿಗೆ ಗೊತ್ತಿರಲಿಲ್ಲ. ಮನೆಗೆ ಫೋನು ಹೋಯಿತು. ಅರ್ಧ ಗಂಟೆಯಲ್ಲಿ ಟೀಚರ್ ತಮ್ಮ ಫೈಲು ಹಿಡಿದು ಟ್ಯಾಕ್ಸಿಯಲ್ಲಿ ಬಂದಿಳಿದರು. ನೀಲಿ ಬಣ್ಣದ ಫೈಲು, ಒಳಗೆ ಬಣ್ಣದ ಚೀಟಿ ಅಂಟಿಸಿದ ವಿಭಾಗಗಳು, ಮೊದಲ ಹಾಳೆಯಲ್ಲಿ ಪರಿವಿಡಿ. ಗಣಿತದ ಟೀಚರು! ಹಿಂದಿನ ದಿನ ನಾನು ಬೇಡ ಎಂದ ಫೈಲು ಅದು. ಅದರಲ್ಲಿ ಐದು ಠೇವಣಿಗಳ ರಸೀದಿ ಇದ್ದವು, ಐದೂ ಬಡ್ಡಿ ಅಸಲಿಗೇ ಸೇರುತ್ತಾ ಬೆಳೆಯುವ ಬಗೆಯವು. ಬಡ್ಡಿ ಖಾತೆಗೆ ಇಳಿಯದೆ ಒಳಗೊಳಗೇ ಕೂಡುತ್ತಿದ್ದುದರಿಂದ ಯಾವ ಸ್ಟೇಟ್‌ಮೆಂಟಿನಲ್ಲೂ ಅದು ಕಂಡಿರಲಿಲ್ಲ. ಇದ್ದೂ ಕಾಣದ ಆದಾಯ. ಈ ಬಗೆಯ ಠೇವಣಿಯನ್ನು ಗಿರಾಕಿಗಳಿಗೆ ಜೀವಮಾನವಿಡೀ ವಿವರಿಸಿದ ನನಗೆ ಅದನ್ನು ಕೇಳಬೇಕೆಂದು ತೋಚಿರಲಿಲ್ಲ.

ಏಕೆ ತೋಚಲಿಲ್ಲ ಎಂಬುದು ನನಗೆ ಗೊತ್ತು. ಖಾತೆ ತೆರೆಯುವ ಫಾರಂನಲ್ಲಿ ‘ಉದ್ಯೋಗ’ ಎಂಬ ಅಂಕಣವಿರುತ್ತದೆ. ಗಂಡ ಹೆಂಡತಿ ಜೊತೆಯಾಗಿ ಬಂದರೆ ನಾನು ಗಂಡನನ್ನು ಕೇಳಿ ಬರೆಯುತ್ತಿದ್ದೆ. ಹೆಂಡತಿಯನ್ನು ಕೇಳದೆಯೇ ‘ಗೃಹಿಣಿ’ ಎಂದು ತುಂಬಿಸುತ್ತಿದ್ದೆ. ಒಮ್ಮೆ ಹಾಗೆ ಬರೆಸಿಕೊಂಡವರು ಬೀಡಿ ಕಟ್ಟಿ ಮನೆ ನಡೆಸುತ್ತಿದ್ದವರು ಎಂದು ಆಮೇಲೆ ತಿಳಿಯಿತು. ನಮ್ಮ ಕರಾವಳಿಯಲ್ಲಿ 1928ರಲ್ಲಿ ಪಿಗ್ಮಿ ಠೇವಣಿ ಶುರುವಾದಾಗ ದಿನಕ್ಕೆ ಎರಡಾಣೆ ಕೂಡಿಡುವುದನ್ನು ಮನೆಮನೆಗೆ ಕಲಿಸಿದ ಬ್ಯಾಂಕಿಂಗ್ ಪರಂಪರೆ ಇದು. ಆ ಎರಡಾಣೆಯನ್ನು ಅಕ್ಕಿ ಡಬ್ಬಿಯಿಂದ ತೆಗೆದುಕೊಟ್ಟ ಕೈ ಯಾವುದು ಎಂದು ನನ್ನಂಥ ಗುಮಾಸ್ತರು ಕೇಳಲಿಲ್ಲ.

ಹುಡುಗ ಕ್ಯಾಲ್ಕುಲೇಟರ್ ಒತ್ತಿದ. “ಕಟ್ಟಡದ ಬಾಡಿಗೆ ಟೀಚರ್ ಖಾತೆಗೆ ಬರಲಿ. ಡೆಪಾಸಿಟ್ ಬಡ್ಡಿ ತಿಂಗಳು ತಿಂಗಳು ಬರುವ ಹಾಗೆ ಮಾಡಿಸಿ. ಇನ್ನೂ ಏಳು ತಿಂಗಳು ಉಂಟಲ್ಲ, ಆರು ತಿಂಗಳ ಸ್ಟೇಟ್‌ಮೆಂಟ್ ಸರಿಯಾಗಿ ಸಿಗ್ತದೆ. ಹದಿನೈದು ಸಾವಿರ ದಾಟ್ತದೆ. ಟೀಚರಿಗೂ ಐವತ್ತೈದು ಆಗಿದೆ, ರಿಟೈರ್ ಕೂಡಾ ಆಗಿದ್ದಾರೆ.” ಸ್ವಲ್ಪ ತಡೆದು, ಕೀಬೋರ್ಡ್ ನೋಡುತ್ತಾ, “ಹಾಗಾದರೆ ರಿನ್ಯೂವಲ್ ಅಲ್ಲ, ಹೊಸ ಅರ್ಜಿ. ಟೀಚರ್ ಅರ್ಜಿದಾರರು. ಅಂಕಲ್ ಟೀಚರ್ ಸ್ಪಾನ್ಸರ್‌ಶಿಪ್ಪಿನಲ್ಲಿ ಬರ್ತಾರೆ” ಎಂದ.

ಸರ್ಕಾರಿ ಭಾಷೆಯಲ್ಲಿ ಇದಕ್ಕೆ ಆಶ್ರಿತ ಎಂಬ ಮಾತಿದೆ. ಇಪ್ಪತ್ತಾರು ವರ್ಷ ಸಂಬಳ ತಂದ ಟೀಚರು ಆ ಮನೆಯ ಕಾಗದಗಳಲ್ಲಿ ಅಷ್ಟೂ ಕಾಲ ಆಶ್ರಿತೆಯಾಗಿಯೇ ಇದ್ದರು. ಆಗ ಯಾರಿಗೂ ಅದು ಮಾತೆಂದೇ ಕೇಳಿಸಿರಲಿಲ್ಲ. ಈಗ ಕೇಳಿಸಿತು. ಯಜಮಾನರ ಕಿವಿ ಕೆಂಪಾಯಿತು. ನಾನು ಜಗಳವನ್ನೋ, ಬಿಗುಮಾನವನ್ನೋ ನಿರೀಕ್ಷಿಸಿದ್ದೆ. ಅವರು ಎದ್ದು ತಾವು ಕುಳಿತಿದ್ದ ಕುರ್ಚಿಯನ್ನು ಎಳೆದು ಹೆಂಡತಿಗೆ ಕೊಟ್ಟು, ತಾವು ಹಿಂದಿನ ಸ್ಟೂಲಿಗೆ ಹೋದರು. ಅಂಗಡಿಯಲ್ಲಿದ್ದದ್ದು ಎರಡೇ ಕುರ್ಚಿ. ಇನ್ನೊಂದರಲ್ಲಿ ನಾನು ಕುಳಿತಿದ್ದೆ. ಏಳಬೇಕಾಗಿತ್ತು, ಅದೂ ತಡವಾಗಿ ಹೊಳೆಯಿತು.

“ಅರ್ಜಿದಾರರ ಪೂರ್ತಿ ಹೆಸರು?” ಎಂದ ಹುಡುಗ. ಅಭ್ಯಾಸಬಲದಿಂದ ಉತ್ತರ ಯಜಮಾನರ ಬಾಯಿಂದಲೇ ಬಂತು. ನಲವತ್ತೆರಡು ವರ್ಷ ಟೀಚರ್ ಎಂದು ಕರೆದವರು ಹೆಂಡತಿಯ ಹೆಸರನ್ನು ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. ಟೀಚರ್ ಕನ್ನಡಕ ಸರಿಮಾಡಿಕೊಂಡು, “ಪಾಸ್‌ಪೋರ್ಟಿನಲ್ಲಿ ಹಾಗಿಲ್ಲ. ಕೊನೆಗೆ ಅಪ್ಪನ ಹೆಸರು ಉಂಟು” ಎಂದು ತಿದ್ದಿದರು.

ಮುಂದಿನದು ಓಡಾಟದ ಕಥೆ. ಭಾರತದ ಕಾಗದ ಅಲ್ಲಿ ನಡೆಯಬೇಕಾದರೆ ಸುಲಭವಲ್ಲ. ಹಲವು ದೇಶಗಳು ಒಪ್ಪುವ ‘ಅಪೊಸ್ಟಿಲ್’ ಎಂಬ ಒಂದೇ ಮೊಹರಿನ ಏರ್ಪಾಡಿಗೆ ಆಗಿನ್ನೂ ಎಮಿರೇಟ್ಸ್ ಸೇರಿರಲಿಲ್ಲ. ಮದುವೆ ಸರ್ಟಿಫಿಕೇಟೋ ಕರಾರೋ ಮೊದಲು ರಾಜ್ಯದಲ್ಲಿ, ಆಮೇಲೆ ದೆಹಲಿಯ ವಿದೇಶಾಂಗ ಇಲಾಖೆಯಲ್ಲಿ, ಆಮೇಲೆ ಎಮಿರೇಟ್ಸ್ ರಾಯಭಾರ ಕಚೇರಿಯಲ್ಲಿ, ಕೊನೆಗೆ ಅಲ್ಲಿನ ವಿದೇಶಾಂಗ ಸಚಿವಾಲಯದಲ್ಲಿ ಮೊಹರು ಕಂಡು, ಅರಬ್ಬಿಗೆ ಅನುವಾದವಾಗಬೇಕು. ಹನ್ನೊಂದು ತಿಂಗಳ ಲೆಕ್ಕದಲ್ಲಿ ಬಿಳಿ ಹಾಳೆಗೆ ಸಹಿ ಹಾಕಿಕೊಂಡ ಬಾಡಿಗೆ ಕರಾರಿಗೆ ಅಷ್ಟು ದೂರ ನಡೆಯುವ ಕಾಲಿರುವುದಿಲ್ಲ. ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿದ್ದಾದರೆ ಧೈರ್ಯ. ಟೀಚರ್ ಅವರದು ನೋಂದಾಯಿತವಾಗಿತ್ತು. ಮದುವೆಯದೂ ಶಾಲೆಗೆ ಸೇರುವಾಗಲೇ ಮೊಹರು ಹಾಕಿಸಿಟ್ಟದ್ದು ಫೈಲಿನ ನಾಲ್ಕನೇ ವಿಭಾಗದಲ್ಲಿ ಇತ್ತು.

ನಾನು ಹೊರಡುವ ಹಿಂದಿನ ದಿನ ಮತ್ತೆ ಪಕ್ಷಿಧಾಮಕ್ಕೆ ಹೋಗಿದ್ದೆವು. ವಾಕಿಂಗಿನ ಗೆಳೆಯರೂ ಬಂದಿದ್ದರು. ಎರಡು ಸಾವಿರದ ಮಾತನ್ನು ಯಾರ ಬಾಯೂ ಎತ್ತಲಿಲ್ಲ. ಬದಲಿಗೆ ಅವರು ಟೀಚರ ಬಳಿ, “ನನ್ನ ಹೆಂಡತಿಯ ಕಾಗದಗಳನ್ನೂ ಒಮ್ಮೆ ನೋಡಿ ಕೊಡ್ತೀರಾ?” ಎಂದು ಕೇಳುತ್ತಿದ್ದರು. ಟೀಚರ್, “ಅವರನ್ನೇ ಕರ್ಕೊಂಡು ಬನ್ನಿ” ಎಂದರು. ಯಜಮಾನರು ಚಹಾದ ಫ್ಲಾಸ್ಕ್ ಹಿಡಿದುಕೊಂಡು ದುರ್ಬೀನು ತಮ್ಮ ಕೈಗೆ ಬರುವ ತನಕ ಕಾಯುತ್ತಿದ್ದರು.

ಊರಿಗೆ ಬಂದ ಮೂರನೆಯ ದಿನ ನಮ್ಮ ಮನೆಯ ಗೋದ್ರೆಜ್ ಕಪಾಟನ್ನು ತೆಗೆದು ಕುಳಿತೆ. ಠೇವಣಿ ರಸೀದಿ, ವಿಮೆ, ಮನೆಯ ಕಂದಾಯದ ಪುಸ್ತಕ, ಕರೆಂಟ್ ಬಿಲ್ಲು, ಟೆಲಿಫೋನಿನ ಹಳೆಯ ಕಾಗದ. ಎಲ್ಲ ಅಚ್ಚುಕಟ್ಟು, ಎಲ್ಲ ನನ್ನ ಹೆಸರಿನಲ್ಲಿ. ಮದುವೆ ಮನೆಯ ಆಯಾಸ ಇನ್ನೂ ಇಳಿಯದ ಹೆಂಡತಿ ಬಾಗಿಲಲ್ಲಿ ನಿಂತು, “ಬಂದ ಕೂಡಲೇ ಏನು ಹುಡುಕ್ತಾ ಇದ್ದೀರಿ?” ಎಂದಳು.

“ನಿನ್ನ ಹೆಸರು ಎಲ್ಲೆಲ್ಲಿದೆ ಅಂತ ನೋಡ್ತಾ ಇದ್ದೇನೆ.”

ಅವಳು ಸ್ವಲ್ಪ ಯೋಚಿಸಿದಳು. “ರೇಷನ್ ಕಾರ್ಡ್ ತೆಗೀರಿ. 2013ರ ಕಾಯ್ದೆ ಬಂದ ಮೇಲೆ ಅದರಲ್ಲಿ ಮನೆಯ ಹಿರಿಯ ಹೆಂಗಸೇ ಯಜಮಾನಿ ಅಂತ ನೀವೇ ಅವತ್ತು ಪೇಪರ್ ಓದಿ ಹೇಳಿದ್ದಿರಿ. ಗ್ಯಾಸ್ ಪುಸ್ತಕವೂ ನನ್ನದೇ” ಎಂದಳು. ಒಳಗೆ ಹೋಗುತ್ತಾ ಮತ್ತೆ ತಿರುಗಿ, “ಎರಡೂ ಅಡುಗೆಮನೆಯಲ್ಲಿವೆ. ಆ ಕಪಾಟಿನಲ್ಲಿ ಸಿಗುವುದಿಲ್ಲ.”